ಆನೆಯ ಸಮುದ್ರಯಾನ

ಎಲ್ಲಕ್ಕೂ ಕಾರಣ ಒಂದು ಕನ್ನಡಿ. ಆಳೆತ್ತರದ್ದು, ಮಂಚದಷ್ಟು ಅಗಲದ್ದು. ಗಾಜಿನಂಗಡಿಯವನ ಹೆಂಡತಿಯ ಅಣ್ಣ ಆಚೆಯ ದ್ವೀಪದಲ್ಲಿ ಕ್ಷೌರದಂಗಡಿ ಇಡುತ್ತಿದ್ದ. ನಾಳೆ ಬೆಳಿಗ್ಗೆ ಬಾಗಿಲು ತೆರೆಯಬೇಕು. "ಕನ್ನಡಿ ನಂಗೆ ಬಿಡಿ ಭಾವ, ನೀವು ಕತ್ತರಿ ಹಿಡ್ಕೊಂಡು ನಿಂತಿದ್ರೆ ಸಾಕು" ಎಂದು ಗಾಜಿನಂಗಡಿಯವ ಹೆಂಡತಿಗೂ ಕೇಳಿಸುವ ಹಾಗೆ ಮಾತು ಕೊಟ್ಟುಬಿಟ್ಟಿದ್ದ. ಮದುವೆಯಾದ ಲಾಗಾಯ್ತಿನಿಂದ ಹೆಂಡತಿಯ ಮನೆಯಲ್ಲಿ ಕೈಲಾಗದವ ಅನ್ನಿಸಿಕೊಂಡವನಿಗೆ ಮರ್ಯಾದೆ ಗಳಿಸಲು ಇದೊಂದೇ ದಾರಿ.

ಆದರೆ ಅಂಥ ಕನ್ನಡಿಯನ್ನು ಒಬ್ಬನೇ ಎತ್ತಲಾಗದು. ಇನ್ನೊಂದು ತುದಿ ಹಿಡಿಯುವವನು ಅವನ ಗೆಳೆಯ. ಜನ ಅವನನ್ನು ಆನೆ ಎನ್ನುತ್ತಿದ್ದರು. ಬೀರು ಬೆನ್ನ ಮೇಲೆ ಹೊತ್ತು ಮಹಡಿ ಹತ್ತುವ ಆಸಾಮಿ, ಸಮುದ್ರ ಅಂದರೆ ಮಾತ್ರ ಒದ್ದೆಯಾದ ಬೆಕ್ಕಿನ ಹಾಗೆ ಮುದುಡುತ್ತಿದ್ದ.

"ಮುಳುಗಿದ್ರೆ?" ಎಂದ ಆನೆ, ಅಂಗಡಿ ಮೆಟ್ಟಿಲು ಬಿಟ್ಟೇಳದೆ.

"ಯಾಕೋ ಮುಳುಗುತ್ತೆ? ದಿನಾ ಹೋಗಿ ಬರೋ ಲಾಂಚು ಅದು."

"ದಿನಾ ಹೋಗಿ ಬಂದು ಸುಸ್ತಾಗಿರುತ್ತಲ್ಲ."

ಪಕ್ಕದ ದರ್ಜಿ ಹೊಲಿಯುತ್ತಿದ್ದ ಪ್ಯಾಂಟನ್ನು ಹೆಗಲಿಗೆ ಹಾಕಿಕೊಂಡೇ ಧೈರ್ಯ ತುಂಬಲು ಬಂದ. "ಹೋಗಿ ಬಾರಪ್ಪ. ನಮ್ಮ ಚಿಕ್ಕಪ್ಪನೂ ಹೀಗೇ ಹೆದರ್ತಿದ್ದ. ಎಲ್ಲರೂ ಹೇಳಿ ಹೇಳಿ, ಕೊನೆಗೆ ಹೋದ."

"ವಾಪಸ್ ಬಂದ್ರಾ?"

"ಹೋದ ಅಂದ್ನಲ್ಲ."

ಆನೆ ಕಂಬ ತಬ್ಬಿಕೊಂಡ. ಬಿಡಿಸುವುದು ಇಬ್ಬರಿಂದಲೂ ಆಗಲಿಲ್ಲ.

ಎದುರಿನ ಔಷಧಿ ಅಂಗಡಿಯವನು ಇದನ್ನೆಲ್ಲ ನೋಡಿ, ಹತ್ತಿಯ ಉಂಡೆ ಹಿಡಿದು ರಸ್ತೆ ದಾಟಿದ. "ಹೆದರಿಕೆ ಒಳಗೆ ಬರೋದು ಕಣ್ಣಿಂದ, ಇಲ್ಲಾ ಕಿವಿಯಿಂದ. ಎರಡೂ ಮುಚ್ಚಿಬಿಡಿ. ಎಲ್ಲಿಂದ ಬರುತ್ತೆ, ನೋಡೋಣ."

ಈ ಮಾತು ಆನೆಗೆ ಹಿಡಿಸಿತು. ಕಿವಿಗೆ ಹತ್ತಿ ಬಿತ್ತು. ದರ್ಜಿಯ ಕಪ್ಪು ಲೈನಿಂಗ್ ಬಟ್ಟೆ ಕಣ್ಣಿಗೆ ಬಿಗಿಯಿತು. "ಭಾವನ ಅಂಗಡಿ ಒಳಗೆ ಕಾಲಿಡೋವರೆಗೂ ಇದನ್ನ ಬಿಚ್ಚಲ್ಲ. ನೀನೂ ಮುಟ್ಟಬೇಡ" ಎಂದ ಆನೆ, ಕಿವಿ ಮುಚ್ಚಿದವರೆಲ್ಲರ ಹಾಗೆ ಬೀದಿಗೆಲ್ಲ ಕೇಳುವಂತೆ ಕೂಗಿ.

ದಿನದ ಕೊನೆಯ ಲಾಂಚು. ಕನ್ನಡಿಯನ್ನು ಕಟಕಟೆಗೆ ಒರಗಿಸಿ, ಆನೆಯನ್ನು ನಡುವಿನ ಬೆಂಚಿನ ಮೇಲೆ ಕೂರಿಸಿದ್ದಾಯಿತು. ಸುತ್ತ ಜನ ಬುಟ್ಟಿ ಚೀಲ ಇಟ್ಟುಕೊಂಡು ಕೂತಿದ್ದರು.

"ತೂತು ಗೀತು ಇದೆಯಾ ನೋಡು" ಎಂದ ಆನೆ.

ಗಾಜಿನಂಗಡಿಯವ ಹೋಗಿ ವಿಚಾರಿಸಿಕೊಂಡು ಬಂದ. ಹತ್ತಿ ದಾಟಬೇಕಲ್ಲ, ಗಂಟಲು ಹರಿಯುವ ಹಾಗೆ ಕೂಗಿದ: "ಇಲ್ಲ ಕಣೋ. ಇದ್ದಿದ್ದನ್ನ ಮುಚ್ಚಿದಾರಂತೆ."

ಪಕ್ಕದ ಹೆಂಗಸು ತನ್ನ ಚೀಲವನ್ನು ತೊಡೆಯ ಮೇಲಿಟ್ಟುಕೊಂಡಳು.

"ಎಂಜಿನ್ನು?"

"ಮೊನ್ನೆ ನಡುನೀರಲ್ಲಿ ನಿಂತಿತ್ತಂತೆ. ಈಗ ಏನೂ ತೊಂದರೆ ಇಲ್ಲ."

ಹಿಂದಿನ ಬೆಂಚು ಖಾಲಿಯಾಯಿತು.

"ಓಡಿಸೋನಿಗೆ ಈಜು ಬರುತ್ತಾ ಕೇಳು."

ಲಾಂಚಿನವನು ಬೀಡಿ ತೆಗೆದು, "ಬರಲ್ಲ. ಅದಕ್ಕೇ ಹುಷಾರಾಗಿ ಓಡಿಸೋದು" ಎಂದ. ಗೆಳೆಯನಿಗೆ ಸುಳ್ಳು ಹೇಳಬಾರದೆಂದು ಗಾಜಿನಂಗಡಿಯವ ಅದನ್ನೂ ಇದ್ದಂತೆಯೇ ಕೂಗಿದ.

ಉಳಿದವರೆಲ್ಲ ಒಟ್ಟಿಗೆ ಎದ್ದರು. ಒಬ್ಬನಿಗೆ ಒಲೆ ಆರಿಸದೆ ಬಂದದ್ದು ನೆನಪಾಯಿತು, ಇನ್ನೊಬ್ಬನಿಗೆ ಹಲ್ಲು ನೋವು ಬಂತು. ನೂಕಾಡಿಕೊಂಡು ಇಳಿಯುವ ರಭಸಕ್ಕೆ ಲಾಂಚು ಆ ಕಡೆ ಈ ಕಡೆ ಹೊಯ್ದಾಡಿತು. ಆನೆ ಬೆಂಚು ಹಿಡಿದು, "ಅಲೆ ಜೋರಾಗಿದೆ. ಪರವಾಗಿಲ್ಲ, ತಡ್ಕೋತೀನಿ" ಎಂದ. ಕೊನೆಯವನು ಇಳಿದ ಮೇಲೆ ಹೊಯ್ದಾಟ ನಿಂತಿತು.

"ಇಬ್ಬರನ್ನ ಕರ್ಕೊಂಡು ಹೋಗಲ್ಲ. ಜನ ತುಂಬಿಸಿ, ಇಲ್ಲಾ ಇಳೀರಿ" ಎಂದ ಲಾಂಚಿನವನು.

ಗಾಜಿನಂಗಡಿಯವ ಬೇಡಿಕೊಂಡ, ಅವನ ಗಲ್ಲ ಹಿಡಿಯುವುದೊಂದು ಬಾಕಿ. ಅಷ್ಟರಲ್ಲಿ ಆನೆ ಎದ್ದು, ತಡಕಾಡಿ ಕನ್ನಡಿಯ ತುದಿ ಎತ್ತಿಯೇಬಿಟ್ಟಿದ್ದ. "ಬಂದ್ವಾ? ಇಷ್ಟೇನಾ ಸಮುದ್ರ? ಥೂ, ಇದಕ್ಕಾ ನಾನು ಹೆದರಿದ್ದು?"

ಇನ್ನೊಂದು ತುದಿ ಹಿಡಿಯದಿದ್ದರೆ ಕನ್ನಡಿ ಚೂರು. ಗಾಜಿನಂಗಡಿಯವ ಓಡಿ ಹಿಡಿದ. ಇಬ್ಬರೂ ಹಲಗೆಯ ಮೇಲೆ ಹೆಜ್ಜೆ ಹೆಜ್ಜೆಯಾಗಿ ದಡಕ್ಕೆ ಇಳಿದರು. ಅಲ್ಲಿ ಆನೆ ಸೊಂಟ ಮುಟ್ಟಿ ನೋಡಿಕೊಂಡ.

"ಕನ್ನಡಿ ಗೋಡೆಗೆ ಕೂರಿಸೋ ಸ್ಕ್ರೂ ಡಬ್ಬಿ ಮನೇಲೇ ಬಿಟ್ಟು ಬಂದಿದೀನಿ. ಇರು, ಇದೇ ಲಾಂಚಲ್ಲಿ ಹೋಗಿ ತಂದ್ಬಿಡ್ತೀನಿ. ಎಷ್ಟೊತ್ತಿನ ಮಾತು."

ಹಾಗೆಂದು ಇಡೀ ಕನ್ನಡಿಯನ್ನು ಗೆಳೆಯನ ಎದೆಗೆ ಒರಗಿಸಿ ತಿರುಗಿದ. ಗಾಜಿನಂಗಡಿಯವ ಸಮುದ್ರಕ್ಕೆ ಬೆನ್ನು ಹಾಕಿ, ಕನ್ನಡಿಯನ್ನು ತಬ್ಬಿಕೊಂಡು ನಿಂತ. ಇಳಿಸುವ ಹಾಗಿಲ್ಲ, ಬಿಡುವ ಹಾಗಿಲ್ಲ.

"ಲೋ, ನಾವಿನ್ನೂ ಹೊರಟೇ ಇಲ್ಲ ಕಣೋ" ಎಂದು ಅರಚಿದ. ಈ ಸಲ ಕಿವಿಯ ಹತ್ತಿರ ಹೋಗಿ ಕೂಗುವ ಹಾಗಿರಲಿಲ್ಲ; ಔಷಧಿ ಅಂಗಡಿಯ ಹತ್ತಿ ಒಳ್ಳೆಯ ಜಾತಿಯದು.

ಆನೆ ಕಾಲಲ್ಲೇ ಹಲಗೆ ತಡಕಿ ಹತ್ತಿ, ಸಮುದ್ರವನ್ನು ಕೊಂಡುಕೊಂಡವನ ಠೀವಿಯಲ್ಲಿ ನಡುವಿನ ಬೆಂಚಿನ ಮೇಲೆ ಕೂತ. ದಡದಲ್ಲಿದ್ದವರು ನೋಡಿದರು.

"ನೋಡ್ರೀ, ಆ ಮನುಷ್ಯ ಕಣ್ಣು ಕಟ್ಕೊಂಡು ಒಬ್ಬನೇ ಹೋಗ್ತಿದಾನೆ. ನಮಗೆ ಕಣ್ಣಿದ್ದೂ ಏನು ಬಂತು" ಎಂದಳು ಚೀಲದ ಹೆಂಗಸು.

ಎಲ್ಲರಿಗೂ ನಾಚಿಕೆಯಾಯಿತು. ಒಬ್ಬೊಬ್ಬರಾಗಿ ಹತ್ತಿದರು. "ಯಾರಾದ್ರೂ ಸ್ವಲ್ಪ ಈ ತುದಿ ಹಿಡೀರಿ" ಎಂದು ಗಾಜಿನಂಗಡಿಯವ ಅಂಗಲಾಚಿದ. "ಹಿಡೀತಿದ್ವಿ ಸ್ವಾಮಿ, ಆದ್ರೆ ಇದೇ ಕೊನೇ ಲಾಂಚು" ಎಂದು ಕೊನೆಯವನೂ ಹತ್ತಿದ. ಹಗ್ಗ ಬಿಚ್ಚಿತು.

ದಡ ಖಾಲಿ. ಜೇಬಿನಲ್ಲಿ ಫೋನು ಬಡಿದುಕೊಳ್ಳತೊಡಗಿತು. ಭಾವನೇ ಇರಬೇಕು. ಎತ್ತಲು ಕೈಯಿರಲಿಲ್ಲ. ಎದುರಿನ ಕನ್ನಡಿಯಲ್ಲಿ, ಅವನ ಹೆಗಲ ಹಿಂದೆ, ಲಾಂಚು ಸಣ್ಣದಾಗುತ್ತ ಹೋಯಿತು. ಅದರ ಮುಂತುದಿಯಲ್ಲಿ ಆನೆ ಎದ್ದು ನಿಂತು, ಬರಿಯ ನೀರಿನ ಕಡೆಗೆ ಮುಖ ಮಾಡಿ ಕೈ ಬೀಸುತ್ತ ಕೂಗುತ್ತಿದ್ದ:

"ಭಾವನ್ನ ಮಾತಾಡಿಸ್ತಾ ಇರು ಕಣೋ, ಈಗ ಬಂದೆ."