ಎಲ್ಲಕ್ಕೂ ಹೌದೆಂದ ಎದುರಾಳಿ

ಮನುಷ್ಯನಿಗೆ ಸ್ನೇಹಿತರು ಬೇಕೆಂದು ಎಲ್ಲರೂ ಹೇಳುತ್ತಾರೆ. ಜಗಳವಾಡಲು ಒಬ್ಬರು ಬೇಕೆಂದು ಯಾರೂ ಹೇಳುವುದಿಲ್ಲ. ಹೆಂಡತಿ ಇದ್ದಾಳಲ್ಲ ಎಂದು ನೀವು ನಗಬಹುದು. ಹೆಂಡತಿಯೊಡನೆ ಆಗುವುದು ಜಗಳವಲ್ಲ, ತೀರ್ಪು. ನಾನು ಹೇಳುತ್ತಿರುವುದು ಇಬ್ಬರೂ ಗೆಲ್ಲದ, ಇಬ್ಬರೂ ಸೋಲದ, ಮರುದಿನ ಕಾಫಿಯ ಹೊತ್ತಿಗೆ ಬಿಟ್ಟಲ್ಲಿಂದಲೇ ಶುರುವಾಗುವ ಜಗಳ. ಅಂಥದ್ದೊಂದು ನನಗೆ ಬಹಳ ವರ್ಷ ದಕ್ಕಿತ್ತು.

ಶಿವಮೊಗ್ಗದ ಒಂದು ಕಾಲೇಜಿನಲ್ಲಿ ನಾನು ಭೌತಶಾಸ್ತ್ರದ ಮೇಷ್ಟ್ರು. ಅದೇ ವಿಭಾಗದಲ್ಲಿ ನನಗಿಂತ ಹಿರಿಯರು ಗಂಗಾಧರಪ್ಪನವರು. ಮನೆ ಭದ್ರಾವತಿಯಲ್ಲಿ, ದಿನವೂ ಬಸ್ಸಿನಲ್ಲಿ ಬಂದು ಹೋಗುತ್ತಿದ್ದರು. ನಮ್ಮ ತಕರಾರು ಬಡ್ತಿಯದಲ್ಲ, ಟೈಮ್‌ಟೇಬಲ್ಲಿನದೂ ಅಲ್ಲ, ಎಲೆಕ್ಟ್ರಾನಿನದು. ಯಾರೂ ನೋಡದೆ ಇರುವಾಗ ಅದು ಎಲ್ಲಿರುತ್ತದೆ? ಎಲ್ಲೋ ಒಂದು ಕಡೆ ಇದ್ದೇ ಇರುತ್ತದೆ, ನಮಗೆ ಗೊತ್ತಿಲ್ಲ ಅಷ್ಟೆ ಎಂಬುದು ನನ್ನ ವಾದ. ಮನೆಯಲ್ಲಿ ಕಳೆದುಹೋದ ನನ್ನ ಕನ್ನಡಕ ಸಿಗುವ ಮೊದಲೂ ಎಲ್ಲೋ ಇರುವುದಿಲ್ಲವೆ, ಹಾಗೆ. ಗಂಗಾಧರಪ್ಪನವರು ಒಪ್ಪುತ್ತಿರಲಿಲ್ಲ. "ನಿನ್ನ ಕನ್ನಡಕ ಎರಡು ಕಿಟಕಿಯಿಂದ ಒಟ್ಟೊಟ್ಟಿಗೆ ಆಚೆ ಹೋಗುತ್ತೇನೋ ಮಾರಾಯ? ಎಲೆಕ್ಟ್ರಾನ್ ಹೋದ ಹಾಗೆ ಕಾಣುತ್ತಲ್ಲ! ಅಳೆದು ನೋಡೋವರೆಗೂ ಎಲ್ಲಿದೆ ಅನ್ನೋ ಪ್ರಶ್ನೆಗೆ ಅರ್ಥವೇ ಇಲ್ಲ" ಎನ್ನುತ್ತಿದ್ದರು. ಸ್ಟಾಫ್‌ರೂಮಿನಲ್ಲಿ ಶುರುವಾದದ್ದು ಬಸ್ ಸ್ಟ್ಯಾಂಡಿನವರೆಗೂ ಹೋಗುತ್ತಿತ್ತು. ಅವರು ಕಿಟಕಿ ಪಕ್ಕ ಕೂತು, ಬಸ್ಸು ಹೊರಟ ಮೇಲೂ ನನ್ನತ್ತ ಬೆರಳಾಡಿಸುತ್ತಿದ್ದರು. ವಿನೋಬನಗರದ ಮನೆಗೆ ನಾನು ತಡವಾಗಿ ಬಂದರೆ ನನ್ನಾಕೆ, "ಆ ಎಲೆಕ್ಟ್ರಾನ್ ಎಲ್ಲಿದ್ರೆ ನಿಮಗೇನ್ರೀ? ಗ್ಯಾಸ್ ಸಿಲಿಂಡರ್ ಎಲ್ಲಿದೆ ಅಂತ ವಿಚಾರಿಸಿ ಮೊದಲು" ಎನ್ನುತ್ತಿದ್ದಳು.

ಒಂದು ರಜಾದಿನ ಬೆಳಿಗ್ಗೆ ಗಂಗಾಧರಪ್ಪನವರು ಹಲ್ಲುಜ್ಜುತ್ತಿದ್ದವರು ಹಾಗೆಯೇ ಕುಸಿದರು. ಪಾರ್ಶ್ವವಾಯು. ಜೀವ ಉಳಿಯಿತು, ಬಲಗೈ, ಬಲಗಾಲು ಉಳಿಯಲಿಲ್ಲ. ಮಾತೂ ಹೋಯಿತು, ಒಂದೇ ಒಂದು ಪದವನ್ನು ಬಿಟ್ಟು. ಆ ಪದ 'ಹೌದು.' ಹಸಿವೆಯೇ ಎಂದರೆ ಹೌದು, ಹೊಟ್ಟೆ ತುಂಬಿತೇ ಎಂದರೂ ಹೌದು. ಒಳಗೆ ಎಷ್ಟು ಅರ್ಥವಾಗುತ್ತಿದೆ ಎಂದು ಹೊರಗಿನಿಂದ ಹೇಳುವುದು ಕಷ್ಟ ಎಂದರು ಡಾಕ್ಟರು. ಜನ್ಮದಲ್ಲಿ ಯಾರಿಗೂ ಹೌದೆನ್ನದ ಮನುಷ್ಯನಿಗೆ ಉಳಿಯಲು ಬೇರೆ ಪದವೇ ಸಿಗಲಿಲ್ಲವೆ!

ನಾನು ಭಾನುವಾರಗಳಂದು ಭದ್ರಾವತಿಗೆ ಹೋಗತೊಡಗಿದೆ. ಅವರ ಹೆಂಡತಿ ವಿಮಲಕ್ಕ ಕಾಫಿ ಕೊಟ್ಟು ಒಳಗೆ ಹೋಗುತ್ತಿದ್ದರು. ನಾನು ಮಂಚದ ಪಕ್ಕ ಕೂತು ಅವರನ್ನು ಕೆಣಕುತ್ತಿದ್ದೆ. "ಸಾರ್, ನೀರು ಐವತ್ತು ಡಿಗ್ರಿಗೇ ಕುದಿಯುತ್ತೆ." "ಹೌದು." "ಸಾರ್, ಭದ್ರಾವತಿ ದೋಸೆಗಿಂತ ಶಿವಮೊಗ್ಗದ ದೋಸೇನೇ ರುಚಿ." "ಹೌದು." ಮೊದಲಾಗಿದ್ದರೆ ನನ್ನನ್ನು ಎಳೆದುಕೊಂಡು ಹೋಗಿ ಅಲ್ಲಿಯ ಹೋಟೆಲಿನಲ್ಲಿ ಕೂರಿಸುತ್ತಿದ್ದರು. ನೋಡದಿದ್ದರೂ ಎಲೆಕ್ಟ್ರಾನ್ ಇದ್ದೇ ಇರುತ್ತದೆಂದು ಜೀವಮಾನವಿಡೀ ವಾದಿಸಿದ ನನಗೆ, ಆ ಮುಖದ ಹಿಂದೆ ನನ್ನ ಗಂಗಾಧರಪ್ಪನವರು ಇದ್ದಾರೆಂದು ನಂಬಲು ಆಗುತ್ತಿರಲಿಲ್ಲ.

ಕೊನೆಗೆ ಒಂದು ಭಾನುವಾರ, ಪಾಪ, ಸಂತೋಷವಾದರೂ ಆಗಲಿ ಎಂದುಕೊಂಡು ಹೇಳಿಬಿಟ್ಟೆ: "ಸಾರ್, ನಾನು ಸೋತೆ. ನೀವು ಹೇಳಿದ್ದೇ ಸರಿ."

ಅವರು ಹೌದೆನ್ನಲಿಲ್ಲ. ನನ್ನನ್ನೇ ದಿಟ್ಟಿಸಿದರು. ಆಮೇಲೆ ಎಡಗೈಯಿಂದ ಕಾಫಿ ಲೋಟವನ್ನು ತಳ್ಳಿಬಿಟ್ಟರು. ಅದು ಉರುಳಿ ನನ್ನ ಪ್ಯಾಂಟೆಲ್ಲ ಕಾಫಿಯಾಯಿತು. ಸದ್ದಿಗೆ ವಿಮಲಕ್ಕ ಓಡಿ ಬಂದರು.

"ಏನಂದ್ರಿ ಅವರಿಗೆ?"

"ಏನೂ ಇಲ್ಲ ವಿಮಲಕ್ಕ. ಒಪ್ಕೊಂಡೆ ಅಷ್ಟೆ."

"ಅಯ್ಯೋ, ಯಾಕ್ರೀ ಒಪ್ಕೊಂಡ್ರಿ?" ಅವರ ಕಣ್ಣು ತುಂಬಿತ್ತು. "ಎಲ್ಲರೂ ಬಂದು ಕನಿಕರ ಪಟ್ಟು ಹೋಗ್ತಾರೆ. ನೀವೊಬ್ರು ಜಗಳ ಆಡೋಕೆ ಬರ್ತೀರಿ ಅಂತ ಇವರು ಭಾನುವಾರ ಬೆಳಿಗ್ಗೆಯಿಂದ ಬಾಗಿಲು ನೋಡ್ತಾ ಕೂತಿರ್ತಾರೆ."

ನಾನು ಗಂಗಾಧರಪ್ಪನವರ ಕಡೆ ತಿರುಗಿದೆ. ಅವರು ಅಳುತ್ತಿದ್ದರು. ಒದ್ದೆ ಪ್ಯಾಂಟಿನಲ್ಲೇ ಕೂತು ನಾನೂ ಅತ್ತೆ. ಆಮೇಲೆ ಮೂಗು ಒರೆಸಿಕೊಂಡು, "ಸುಮ್ನೆ ಅಂದೆ ಸಾರ್. ನೀವು ಹೇಳೋದು ಶುದ್ಧ ತಪ್ಪು" ಎಂದೆ. "ಹೌದು" ಎಂದರು. ತುಟಿಯ ಒಂದು ಬದಿ ಮಾತ್ರ ನಗುತ್ತಿತ್ತು.

ಅಂದಿನಿಂದ ಇಬ್ಬರ ಪಾತ್ರವೂ ನನ್ನದೇ. ನನ್ನ ವಾದ ಹೇಳಿ, "ಅದಕ್ಕೆ ನೀವು ಹೀಗೆ ಅಂತೀರಿ" ಎಂದು ಅವರ ವಾದವನ್ನೂ ನಾನೇ ಹೇಳುತ್ತಿದ್ದೆ. ಅವರ ಪರ ನಿಲ್ಲುವುದೆಂದರೆ ಹುಡುಗಾಟವಲ್ಲ. ವಾದ ಸಪ್ಪೆಯಾದರೆ ಆ ಕಣ್ಣು ಬೇಸರದಿಂದ ಫ್ಯಾನಿನ ಕಡೆ ಹೋಗುತ್ತಿತ್ತು. ಹಾಗಾಗಿ ವಾರವಿಡೀ ಲೈಬ್ರರಿಯಲ್ಲಿ ಕೂತು ನನ್ನನ್ನೇ ಸೋಲಿಸಲು ಓದುತ್ತಿದ್ದೆ. ಒಂದು ಭಾನುವಾರ ಅವರ ಪರವಾಗಿ ಕೇಳಿದೆ: "ಜೊತೆಯಲ್ಲಿ ಹುಟ್ಟಿದ ಎರಡು ಕಣ. ಒಂದು ಶಿವಮೊಗ್ಗದಲ್ಲಿ, ಒಂದು ಭದ್ರಾವತಿಯಲ್ಲಿ. ಅಳೆದು ನೋಡಿದ್ರೆ ಎರಡರ ಉತ್ತರವೂ ಒಂದಕ್ಕೊಂದು ಹೊಂದುತ್ತೆ. ಎರಡೂ ಮೊದಲೇ ಉತ್ತರ ಇಟ್ಟುಕೊಂಡು ಹೊರಟಿದ್ರೆ ಇಷ್ಟು ಹೊಂದಾಣಿಕೆ ಬರೋದಿಲ್ಲ ಅಂತ ಲೆಕ್ಕ ಹೇಳುತ್ತೆ. ಹಾಗಾದ್ರೆ ಇಲ್ಲಿ ಇದನ್ನ ನೋಡಿದ್ದು ಅಲ್ಲಿರೋದಕ್ಕೆ ಹೇಗೆ ಗೊತ್ತಾಯ್ತು ಮಾರಾಯ?" ಬಾಯಿ ತೆರೆದೆ. ನನ್ನ ಬಳಿ ಉತ್ತರವಿರಲಿಲ್ಲ. ಗಂಗಾಧರಪ್ಪನವರು ಎಡಗೈ ಬೆರಳನ್ನು ನನ್ನತ್ತ ಆಡಿಸಿ, "ಹೌದು, ಹೌದು, ಹೌದು" ಎಂದರು.

ಮುಂದಿನ ಭಾನುವಾರ ಬರುವುದರೊಳಗೆ ಅವರು ತೀರಿಕೊಂಡರು. ವಿಮಲಕ್ಕ ಫೋನ್ ಮಾಡಿದಾಗ ನಾನು ಉತ್ತರ ಹುಡುಕುತ್ತಿದ್ದೆ.

ಅವರ ಜಾಗಕ್ಕೆ ಬಂದ ಹೊಸ ಮೇಷ್ಟ್ರನ್ನು ಅದೇ ಪ್ರಶ್ನೆ ಕೇಳಿ ನೋಡಿದೆ. "ಸಿಲಬಸ್ಸಿನಲ್ಲಿ ಇಲ್ವಲ್ಲ ಸಾರ್" ಎಂದರು. ಸಭ್ಯ ಮನುಷ್ಯ, ನಾನು ಏನು ಹೇಳಿದರೂ ಒಪ್ಪುತ್ತಾರೆ. ಮೊನ್ನೆ ಭಾನುವಾರ ಜಗಲಿಯಲ್ಲಿ ಒಬ್ಬನೇ ಕೂತು ಎರಡೂ ಕಡೆ ವಾದಿಸುತ್ತಿದ್ದೆ. ದನಿ ಏರಿರಬೇಕು. ನನ್ನಾಕೆ ಹೊರಗೆ ಬಂದು, ಯಾರೊಡನೆ ಎಂದು ಕೇಳದೆ, ಪಕ್ಕದಲ್ಲಿ ಕೂತು ಕೇಳಿದಳು:

"ಇವತ್ತು ಗೆದ್ದೋರು ಯಾರು?"

"ಅವರೇ ಕಣೇ" ಎಂದೆ.