ತೂತು ಮುಚ್ಚುವ ಪಾಚಿ

ವೃಷಭೇಂದ್ರಯ್ಯನವರು ಬೆಳಗಿನ ಬಿಸಿಲಿಗೆ ಜಗಲಿಯಲ್ಲಿ ನಿಂತು, ತೊಟ್ಟಿದ್ದ ರೇಷ್ಮೆ ಜುಬ್ಬದ ತೂತನ್ನು ಹೆಂಡತಿಗೆ ಹೆಮ್ಮೆಯಿಂದ ತೋರಿಸಿದರು. ರೇಷ್ಮೆ ಕಾಲೇಜಿನಿಂದ ನಿವೃತ್ತರಾದ ಮೇಲೆ ಅವರು ಯಂತ್ರ ಮಾಡುವುದು, ಸರ್ವಮಂಗಳಮ್ಮ ಅದರ ಗಲೀಜು ಬಳಿಯುವುದು ಮನೆಯ ಪದ್ಧತಿಯಾಗಿತ್ತು.

"ಈ ಸೀಸೇಲಿ ಕಣ್ಣಿಗೆ ಕಾಣದ ಲಕ್ಷಾಂತರ ಯಂತ್ರ ಇವೆ ಕಣೇ. ರೇಷ್ಮೆಹುಳದ ಅಂಟು, ಕೆರೆ ಪಾಚಿ, ಅಷ್ಟೇ. ಬಿಸಿಲು ಬಿದ್ರೆ ಗುಂಪುಗೂಡಿ ತೂತು ಮುಚ್ತವೆ."

"ಸೂಜಿ ದಾರದಲ್ಲಿ ನಾನೇ ಮುಚ್ತಿದ್ದೆ. ಬೇಗ ಮುಗಿಸಿ. ತಂಗಿ ಮನೆ ಗೃಹಪ್ರವೇಶಕ್ಕೆ ಹೊತ್ತಾಯ್ತು."

ಅಲ್ಲಿಗೆ ಉಡಲೆಂದೇ ಸರ್ವಮಂಗಳಮ್ಮ ತಾಯಿಯ ನೇರಳೆ ರೇಷ್ಮೆ ಸೀರೆಯನ್ನು ಜಗಲಿಯ ಹಗ್ಗದ ಮೇಲೆ ಗಾಳಿಗೆ ಹಾಕಿದ್ದರು. ಮನೆ, ಸೈಟು ಅಣ್ಣಂದಿರ ಪಾಲಾಗಿ, ಅಮ್ಮನದು ಅಂತ ಅವರಿಗೆ ಉಳಿದಿದ್ದು ಅದೊಂದೇ.

ಹಸಿರು ಲೇಪ ಸವರುತ್ತಲೇ ತೂತು ಮಾಯವಾಯಿತು. "ನೋಡ್ದ್ಯಾ!" ಎಂದು ವೃಷಭೇಂದ್ರಯ್ಯನವರು ಕೈ ಎತ್ತಿದರು. ಕೈ ಕಾಣಲಿಲ್ಲ. ತೋಳಿನ ಬಾಯಿ ಚೀಲದಂತೆ ಮುಚ್ಚಿಹೋಗಿತ್ತು.

"ಹರುಕು ಯಾವುದು, ತೋಳು ಯಾವುದು ಅಂತ ಅವಕ್ಕೆ ಹೇಳ್ಕೊಟ್ಟಿಲ್ವಾ?"

"ಸಣ್ಣ ವಿಷಯ. ಮುಂದಿನ ಸಲ ಹೇಳ್ಕೊಡ್ತೀನಿ."

ಅಷ್ಟರಲ್ಲಿ ಇನ್ನೊಂದು ತೋಳೂ ಮುಚ್ಚಿತು. ಮೊಣಕಾಲ ಹತ್ತಿರ ಜುಬ್ಬದ ಅಂಚು ಕೂಡಿಕೊಂಡಿತು. ವೃಷಭೇಂದ್ರಯ್ಯನವರು ಮೂಟೆಯಾಗಿ ಕುಪ್ಪಳಿಸತೊಡಗಿದರು.

ಇಷ್ಟಕ್ಕೆಲ್ಲ ನೂಲು ಎಲ್ಲಿಂದ ಬಂತು ಎಂದು ಕೇಳಲು ಬಾಯಿ ತೆರೆದ ಸರ್ವಮಂಗಳಮ್ಮನಿಗೆ ಜುಬ್ಬದ ಹೊಸ ಬಣ್ಣ ಕಂಡಿತು. ನೇರಳೆ. ತಿರುಗಿ ನೋಡಿದರೆ ಹಗ್ಗದ ಮೇಲೆ ಬರೀ ಜರಿಯ ಎಳೆಗಳು ಜೋಲಾಡುತ್ತಿದ್ದವು.

"ಹತ್ರ ಇರೋ ರೇಷ್ಮೆ ತಗೊಳ್ತವೆ, ಹಾಗೇ ಮಾಡಿರೋದು. ಹಳೇ ಸೀರೆ ಬಿಡೇ, ಹೊಸದು ತಂದ್ಕೊಡ್ತೀನಿ."

ಸರ್ವಮಂಗಳಮ್ಮ ಉಳಿದ ಜರಿಯ ಎಳೆಗಳನ್ನು ಹಗ್ಗದಿಂದ ಬಿಡಿಸಿಕೊಂಡರು. ಅವರ ಮಿಕ್ಸಿ, ಹೊಲಿಗೆ ಯಂತ್ರದ ಮೋಟಾರು, ಇಡ್ಲಿ ತಟ್ಟೆಗಳೆಲ್ಲ ಹೀಗೇ ಗಂಡನ ಯಂತ್ರಗಳ ಪಾಲಾಗಿದ್ದವು. ಕೇಳದೆ ತೆಗೆದುಕೊಳ್ಳುವ ಬುದ್ಧಿ ಯಂತ್ರಗಳಿಗೆ ಯಾರಿಂದ ಬಂತೆಂದು ಯಾರೂ ಹೇಳಬೇಕಾಗಿರಲಿಲ್ಲ.

ಆದರೂ ಕೊರಳಪಟ್ಟಿ ಕಿರಿದಾಗುವುದನ್ನು ಕಂಡು ಗಂಡನನ್ನು ಕತ್ತಲೆಯ ಉಗ್ರಾಣಕ್ಕೆ ಎಳೆದೊಯ್ದರು. ಬೆಳಕಿಲ್ಲದೆ ಯಂತ್ರಗಳು ನಿಂತವು. ವೃಷಭೇಂದ್ರಯ್ಯನವರ ತಲೆ ಮೂಟೆಯ ಹೊರಗೇ ಉಳಿಯಿತು.

"ಕತ್ತರಿ ತಾರೇ."

ಸರ್ವಮಂಗಳಮ್ಮ ಕತ್ತರಿ ತಂದರು. ಬಟ್ಟೆಯನ್ನು ಬೆರಳಲ್ಲಿ ಮುಟ್ಟಿ ನೋಡಿದರು. ಅದೇ ನುಣುಪು. ಅಳು ಬಂತು.

"ನಮ್ಮಮ್ಮನ ಸೀರೆಗೆ ನಾನು ಕತ್ತರಿ ಹಾಕಲ್ಲ" ಎಂದು ಕತ್ತರಿಯನ್ನು ಕಪಾಟಿನಲ್ಲಿಟ್ಟು, ಕಾಟನ್ ಸೀರೆ ಉಟ್ಟು ಹೊರಟರು.

ಗೃಹಪ್ರವೇಶದ ಮನೆಯಲ್ಲಿ ತಂಗಿ ಬಾಗಿಲಲ್ಲೇ ತಡೆದಳು. "ಅಮ್ಮನ ಸೀರೆ ಉಟ್ಕೊಂಡು ಬರ್ತೀನಿ ಅಂದಿದ್ದೆಯಲ್ಲ ಅಕ್ಕ?"

"ನಿಮ್ಮ ಭಾವನೋರು ಉಟ್ಕೊಂಡಿದಾರೆ" ಎಂದು ಸರ್ವಮಂಗಳಮ್ಮ ಒಳಗೆ ನಡೆದರು.