ಹಲ್ಲು ನೆಡಿಸಿಕೊಂಡವರು

ಹಲ್ಲಿನ ಕ್ಲಿನಿಕ್ಕಿಗೆ ನಗಲಿಕ್ಕೆಂದು ಯಾರೂ ಬರುವುದಿಲ್ಲ. ಆದರೂ ನಮ್ಮಲ್ಲಿ ವಾರಕ್ಕೊಂದಾದರೂ ನಗು ತರಿಸುವಂಥದ್ದು ನಡೆಯುತ್ತಲೇ ಇರುತ್ತದೆ. ನನ್ನ ಮುಖಕ್ಕೆ ಮಾಸ್ಕ್ ಇರುವುದರಿಂದ ಬಚಾವು.

ಮೂಡಿಗೆರೆಯ ಈ ಕ್ಲಿನಿಕ್ಕಿನಲ್ಲಿ ಹೆಸರು ಬರೆದುಕೊಳ್ಳುವುದು, ಫೋನ್ ಎತ್ತುವುದು, ಡಾಕ್ಟರ ಪಕ್ಕ ನಿಂತು ಹತ್ತಿ ಕೊಡುವುದು ಎಲ್ಲ ನಾನೇ. ಮೊದಲೆಲ್ಲ ಜನ ಹಲ್ಲು ಕೀಳಿಸಲು ಬರುತ್ತಿದ್ದರು. ಈಗ ಹಾಕಿಸಿಕೊಳ್ಳಲು ಬರುತ್ತಾರೆ. ಪ್ರತಿ ಗುರುವಾರ ಚಿಕ್ಕಮಗಳೂರಿನಿಂದ ಇಂಪ್ಲಾಂಟ್ ಡಾಕ್ಟರು ಬರುತ್ತಾರೆ. ಹಲ್ಲು ಹೋದ ಜಾಗದಲ್ಲಿ ದವಡೆಯ ಮೂಳೆಗೆ ಒಂದು ಸಣ್ಣ ಸ್ಕ್ರೂ ಹಾಕುತ್ತಾರೆ. ಮೂರು ನಾಲ್ಕು ತಿಂಗಳಲ್ಲಿ ಮೂಳೆ ಅದನ್ನು ಗಟ್ಟಿಯಾಗಿ ಹಿಡಿದುಕೊಂಡ ಮೇಲೆ ಅದರ ಮೇಲೆ ಹಲ್ಲು ಕೂರಿಸುತ್ತಾರೆ. ಹೇಳಲಿಕ್ಕೆ ಇಷ್ಟೇ.

ಬೇರು

ಕಳಸದ ಕಡೆಯ ಬೆಳೆಗಾರರೊಬ್ಬರು ಕೆಳದವಡೆಯ ಹಲ್ಲು ಕಳೆದುಕೊಂಡು ಬಂದಿದ್ದರು. ಅವರಿಗೆ ಅರ್ಥವಾಗಲಿ ಎಂದು ಡಾಕ್ಟರು, "ಗಿಡ ನೆಟ್ಟ ಹಾಗೆ ಅಂತ ತಿಳ್ಕೊಳ್ಳಿ. ಬೇರು ಹಿಡಿಯೋವರೆಗೆ ಕಾಯ್ಬೇಕು, ಅಲ್ಲಾಡಿಸಬಾರ್ದು" ಅಂದರು.

ಅವರಿಗೆ ಅಗತ್ಯಕ್ಕಿಂತ ಚೆನ್ನಾಗಿಯೇ ಅರ್ಥವಾಯಿತು. "ಮಳೆ ಹಿಡಿಯೋಕೆ ಮುಂಚೆ ನೆಟ್ರೆ ಒಳ್ಳೇದಾ, ಆಮೇಲಾ?" ಎಂದು ಕೇಳಿದರು.

"ಯಾವಾಗಾದ್ರೂ ಆಗ್ತದೆ."

ಅವರಿಗೆ ನಂಬಿಕೆ ಬರಲಿಲ್ಲ. ಯೋಚಿಸಿ, ಜೂನ್ ಮೊದಲ ವಾರಕ್ಕೇ ಹೇಳಿ ಬರೆಸಿಕೊಂಡು ಹೋದರು.

ಸ್ಕ್ರೂ ಹಾಕಿ ಒಂದು ತಿಂಗಳಾಗಿತ್ತು. ಹೆಂಡತಿಯನ್ನೂ ಕರೆದುಕೊಂಡು ಬಂದರು. "ಡಾಕ್ಟ್ರೇ, ಗಟ್ಟಿ ಕೂತಿದೆ, ಇಲ್ಲ ಅನ್ನಲ್ಲ. ಆದ್ರೆ ತಿಂಗಳಾಯ್ತು, ಚಿಗುರೇ ಕಾಣ್ತಿಲ್ವಲ್ಲ!"

ಹಲ್ಲು ತಾನಾಗಿ ಬರುವುದಿಲ್ಲ, ಲ್ಯಾಬಿನಲ್ಲಿ ಮಾಡಿಸಿ ತರಿಸಬೇಕು ಎಂದು ಡಾಕ್ಟರು ಮತ್ತೊಮ್ಮೆ ಮೊದಲಿನಿಂದ ವಿವರಿಸಿದರು. ಗಂಡ ತಲೆಯಾಡಿಸಿದರು. ಹೆಂಡತಿಗೆ ಮಾತ್ರ ಸಿಟ್ಟು ಬಂತು.

"ಮೊದ್ಲೇ ಹೇಳ್ಬಾರ್ದಾ? ನಾನು ದಿನಾ ಎರಡೆರಡು ಲೋಟ ಹಾಲು ಕುಡಿಸ್ತಿದ್ದೆ."

ಹಾಜರಿ

ಬಣಕಲ್ ಹತ್ತಿರದ ಎಸ್ಟೇಟೊಂದರ ರೈಟರು ಬೆಳಿಗ್ಗೆ ಆಳುಗಳ ಹಾಜರಿ ಕೂಗಿ ಕೆಲಸಕ್ಕೆ ಕಳಿಸುವವರು. ಜೀಪು ಗಕ್ಕನೆ ಬ್ರೇಕ್ ಹಾಕಿದಾಗ ಅವರ ಮುಂದಿನ ಎರಡು ಹಲ್ಲು ಹೋದವು. ಸ್ಕ್ರೂ ಹಾಕಿ, ಕಾಯುವ ದಿನಗಳಿಗೆಂದು, ತೆಗೆದು ಮತ್ತೆ ಹಾಕಿಕೊಳ್ಳುವ ಹಲ್ಲನ್ನೂ ಕೊಟ್ಟಿದ್ದೆವು. ಅದನ್ನು ಹಾಕಿಕೊಂಡರೆ ವಾಕರಿಕೆ ಬರುತ್ತದೆಂದು ಅವರು ಅದನ್ನು ಬೀರುವಿನಲ್ಲಿಟ್ಟರು.

ಹಲ್ಲಿಲ್ಲದ ಬಾಯಲ್ಲಿ 'ಸ'ಕಾರ ನಿಲ್ಲುತ್ತಿರಲಿಲ್ಲ. ಸರೋಜ ಥರೋಜ ಆದಳು. ಸುಶೀಲ ಥುಥೀಲ ಆದಳು. ಮೊದಲ ವಾರ ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದರಂತೆ. ಆಮೇಲೆ ಅಭ್ಯಾಸವಾಯಿತು. ರೈಟರಿಗೆ ಮಾತ್ರ ದಿನವೂ ಬೆಳಗಾಗುವುದೇ ಬೇಡ ಅನ್ನಿಸುತ್ತಿತ್ತು. ನಮಗೆ ಫೋನ್ ಮಾಡಿ, "ಮೇಡಂ, ಇನ್ನೆಥ್ಟು ದಿನ?" ಎಂದು ಕೇಳುತ್ತಿದ್ದರು.

ನಾಲ್ಕು ತಿಂಗಳ ಮೇಲೆ ಹಲ್ಲು ಕೂತಿತು. ಮಾರನೆಯ ಬೆಳಿಗ್ಗೆ ಇಸ್ತ್ರಿ ಶರಟು ಹಾಕಿಕೊಂಡು, ಹತ್ತು ನಿಮಿಷ ಮೊದಲೇ ಹೋಗಿ ನಿಂತರಂತೆ. ಎದೆ ಸೆಟೆಸಿ ಕೂಗಿದರು: "ಸುಶೀಲ!"

ಯಾರೂ ಓಗೊಡಲಿಲ್ಲ. ಇನ್ನೂ ಗಟ್ಟಿಯಾಗಿ, "ಸುಶೀಲ!" ಅಂದರು. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಕೊನೆಗೆ ಮೇಸ್ತ್ರಿ ಹತ್ತಿರ ಬಂದು ಮೆಲ್ಲಗೆ ಹೇಳಿದನಂತೆ: "ಸಾರ್, ಆ ಹೆಸ್ರಿನೋರು ಯಾರೂ ಇಲ್ಲ. ಥುಥೀಲ ಬಂದಿದಾಳೆ, ಕರೀಲಾ?"

ಕೋಡುಬಳೆ

ಪೇಟೆಯ ಬಟ್ಟೆ ಅಂಗಡಿಯವರ ತಾಯಿಗೆ ಹಲ್ಲಿನ ಸೆಟ್ ಇತ್ತು. ಕೆಳಗಿನದು ಮಾತಾಡಿದರೆ ಮೇಲೇಳುತ್ತಿತ್ತು, ತಿಂದರೆ ಪಕ್ಕಕ್ಕೆ ಸರಿಯುತ್ತಿತ್ತು. ಸ್ಕ್ರೂ ಹಾಕಿ ಅದರ ಮೇಲೆ ಸೆಟ್ ಕೂರಿಸಿದರೆ ಅಲ್ಲಾಡುವುದಿಲ್ಲ ಎಂದು ಯಾರೋ ಅವರಿಗೆ ಹೇಳಿದ್ದರು.

ಮಗ, "ಈ ವಯಸ್ಸಲ್ಲಿ ಎಂತಕ್ಕಮ್ಮ ಅದೆಲ್ಲ?" ಅಂದರು.

"ವಯಸ್ಸಾಗಿದ್ದು ನಂಗೆ. ಕೋಡುಬಳೆಗಲ್ಲ."

ಅಜ್ಜಿಯ ಬೆನ್ನಿಗೆ ನಿಂತವರು ಸೊಸೆ. ಪ್ರತಿ ಸಲವೂ ಅವರೇ ಕೈಹಿಡಿದು ಮೆಟ್ಟಿಲು ಹತ್ತಿಸುತ್ತಿದ್ದರು. ಎಂಟು ವರ್ಷದಿಂದ ಅತ್ತೆಗೆ ಅನ್ನ ಕಿವುಚಿ, ರೊಟ್ಟಿ ಸಾರಿನಲ್ಲಿ ನೆನೆಸಿ, ಕೋಡುಬಳೆ ಪುಡಿ ಮಾಡಿ ಹಾಲಿಗೆ ಹಾಕಿ ಕೊಟ್ಟಿದ್ದರು. ಅತ್ತೆ ನಮ್ಮೆದುರಿಗೇ, "ನನ್ನ ಸೊಸೆ ಕೈ ಅಡುಗೆ ಅಂದ್ರೆ ಅಮೃತ" ಅನ್ನುತ್ತಿದ್ದರು. ಇಂಥ ಅತ್ತೆ ಸೊಸೆಯನ್ನು ನೋಡಿ ನನಗೂ ಸ್ವಲ್ಪ ಹೊಟ್ಟೆಕಿಚ್ಚಾಗಿತ್ತು.

ಕೆಲಸವೆಲ್ಲ ಮುಗಿದು ಹದಿನೈದು ದಿನವಾದ ಮೇಲೆ ಸೊಸೆ ಒಬ್ಬರೇ ಬಂದರು.

"ಏನಾಯ್ತು? ಅಮ್ಮನಿಗೆ ನೋವಾ?" ಅಂದೆ.

"ನೋವೇನಿಲ್ಲ ಮೇಡಂ. ಎಲ್ಲಾ ಅಗೀತಾರೆ. ರೊಟ್ಟಿ ಅಂಚು ದಪ್ಪ ಅಂತಾರೆ. ಬೀನ್ಸ್ ಬೆಂದಿಲ್ಲ ಅಂತಾರೆ. ನಿನ್ನೆ ಕೋಡುಬಳೆ ಕಚ್ಚಿ ನೋಡಿ, ಇಷ್ಟು ವರ್ಷ ನಾನು ಇದನ್ನಾ ತಿಂತಿದ್ದಿದ್ದು ಅಂದ್ರು."

ಅಕ್ಕಪಕ್ಕ ನೋಡಿ, ನನ್ನ ಕಿವಿಯ ಹತ್ತಿರ ಬಗ್ಗಿದರು.

"ಆ ಸ್ಕ್ರೂ ಸ್ವಲ್ಪ ಲೂಸ್ ಮಾಡೋಕಾಗುತ್ತಾ?"

ಒಂದೇ ಬೆಂಚು

ಕಳಸದಲ್ಲಿ ಕಾಳುಮೆಣಸಿನ ವ್ಯಾಪಾರ ಮಾಡುವ ಯುವಕನೊಬ್ಬ ಬಂದ. ಏಣಿಯಿಂದ ಜಾರಿ ಎರಡು ಹಲ್ಲು ಹೋಗಿತ್ತು. ಸದ್ಯಕ್ಕೆ ತೆಗೆದು ಹಾಕುವ ಹಲ್ಲು ಸಿಕ್ಕಿಸಿಕೊಂಡಿದ್ದ. "ಮೇಡಂ, ಯಾರಿಗೂ ಗೊತ್ತಾಗ್ಬಾರ್ದು. ನಿಶ್ಚಿತಾರ್ಥ ಆಗಿದೆ. ಹುಡುಗಿ ಟೀಚರು, ಬಹಳ ಗಂಭೀರ. ಈ ಹಲ್ಲು ಎಲ್ಲಿ ಬಿದ್ದುಹೋಗ್ತದೋ ಅಂತ ನಾನು ಅವಳೆದುರಿಗೆ ಬಾಯೇ ಬಿಡಲ್ಲ" ಅಂದ.

ಅದೇ ವಾರ ಬಣಕಲ್ಲಿನಿಂದ ಒಬ್ಬಳು ಟೀಚರು ಬಂದಳು. ಸ್ಕೂಟಿಯಿಂದ ಬಿದ್ದು ಒಂದು ಹಲ್ಲು ಹೋಗಿತ್ತು. "ಅಕ್ಕಾ, ಗುಟ್ಟಾಗಿರ್ಲಿ. ಮದುವೆ ಗೊತ್ತಾಗಿದೆ" ಎಂದು ಮೊಬೈಲಿನಲ್ಲಿ ನಿಶ್ಚಿತಾರ್ಥದ ಫೋಟೋ ತೋರಿಸಿದಳು. ಪಕ್ಕದಲ್ಲಿ ನಿಂತಿದ್ದವನು ನಮ್ಮ ಮೆಣಸಿನ ವ್ಯಾಪಾರಿ. ಇಬ್ಬರೂ ತುಟಿ ಬಿಗಿದುಕೊಂಡು, ಯಾರೋ ಗದರಿಸಿ ನಿಲ್ಲಿಸಿದ ಹಾಗಿದ್ದರು.

"ಇವ್ರು ನಗೋದೇ ಇಲ್ಲ ಅಕ್ಕಾ. ಅಷ್ಟು ಸೀರಿಯಸ್. ನನ್ ಹಲ್ಲಿನ ವಿಷ್ಯ ಗೊತ್ತಾದ್ರೆ ಮದ್ವೇನೇ ಬೇಡ ಅಂತಾರೇನೋ." ಹೇಳುವಾಗ ಅವಳ ಕಣ್ಣು ತುಂಬಿತ್ತು.

ಅವನು ನಗದಿರುವ ಕಾರಣ ನನಗೆ ಗೊತ್ತಿತ್ತು. ಹೇಳುವ ಹಾಗಿರಲಿಲ್ಲ. ಒಬ್ಬರ ಬಾಯಿಯ ವಿಷಯ ಇನ್ನೊಬ್ಬರ ಕಿವಿಗೆ ಹೋಗಬಾರದು ಎನ್ನುವುದು ನಮ್ಮ ಡಾಕ್ಟರ ಕಟ್ಟುನಿಟ್ಟು.

ಮದುವೆಗೆ ಮುಂಚೆ ಹಲ್ಲು ಕೂರಬೇಕಾದರೆ ಇಬ್ಬರಿಗೂ ಮುಂದಿನ ಗುರುವಾರವೇ ಸ್ಕ್ರೂ ಹಾಕಬೇಕಿತ್ತು. ಅವನಿಗೆ ಬೆಳಿಗ್ಗೆ ಹತ್ತಕ್ಕೆ, ಅವಳಿಗೆ ಮಧ್ಯಾಹ್ನ ಮೂರಕ್ಕೆ ಎಂದು ಬರೆದೆ. ಆ ದಿನ ಕಳಸದ ದಾರಿಯಲ್ಲಿ ಮರ ಬಿತ್ತು. ಅವನು ಬಂದಾಗ ಮೂರು ದಾಟಿತ್ತು, ಅವಳು ಆಗಲೇ ಒಳಗೆ ಕುರ್ಚಿಯ ಮೇಲಿದ್ದಳು.

"ಎಕ್ಸ್‌ರೇ ತೆಗೀಬೇಕು" ಎಂದು ಅವನನ್ನು ಎಕ್ಸ್‌ರೇ ಕೋಣೆಯಲ್ಲಿ ಕೂರಿಸಿ ಬಾಗಿಲು ಎಳೆದೆ. ಹೋದ ವಾರವೇ ತೆಗೆದ ಎಕ್ಸ್‌ರೇಗಾಗಿ ಪಾಪ, ಮುಕ್ಕಾಲು ಗಂಟೆ ಕಾದ. ಅವಳು ಹೊರಗೆ ಬಂದ ಮೇಲೆ ಅವನನ್ನು ಒಳಬಾಗಿಲಿನಿಂದ ಡಾಕ್ಟರ ಹತ್ತಿರ ಕಳಿಸಿದೆ.

ಅವಳು ಬಾಯಲ್ಲಿ ಹತ್ತಿ ಕಚ್ಚಿಕೊಂಡು ಬೆಂಚಿನ ಮೇಲೆ ಕೂತಳು. ಒಂದು ಗಂಟೆ ಬಾಯಿ ಬಿಡಬಾರದು, ಮಾತಾಡಬಾರದು. "ಈಗ ಹೊರಟ್ರೆ ಬಸ್ಸು ಸಿಗ್ತದೆ ನೋಡು" ಅಂದೆ. ಅವಳು ಹೊರಗೆ ಸುರಿಯುತ್ತಿದ್ದ ಮಳೆಯ ಕಡೆ ಬೆರಳು ತೋರಿಸಿದಳು. ಅರ್ಧ ಗಂಟೆ ಬಿಟ್ಟು ಮತ್ತೆ ಹೇಳಿದೆ. ಮತ್ತೆ ಬೆರಳು.

ಅಷ್ಟರಲ್ಲಿ ಒಳಗಿನ ಬಾಗಿಲು ತೆರೆಯಿತು. ಅವನೂ ಹತ್ತಿ ಕಚ್ಚಿಕೊಂಡು, ಕೆನ್ನೆ ಊದಿಸಿಕೊಂಡು ಹೊರಗೆ ಬಂದ.

ಅವಳು ಎದ್ದು ನಿಂತಳು. ಅವನು ವಾಪಸ್ ಒಳಗೆ ಹೋಗಲು ನೋಡಿದ, ಆದರೆ ಹಿಂದೆ ಡಾಕ್ಟರು ಬಾಗಿಲು ಹಾಕಿಕೊಂಡಿದ್ದರು. ಇರುವುದು ಒಂದೇ ಬೆಂಚು. ಈ ತುದಿಗೆ ಅವಳು ಕೂತಳು, ಆ ತುದಿಗೆ ಅವನು ಕೂತ. ಕೇಳಬೇಕಾದ್ದು ಇಬ್ಬರಿಗೂ ಬೇಕಾದಷ್ಟಿತ್ತು, ಕೇಳುವ ಹಾಗಿರಲಿಲ್ಲ. ಇಲ್ಲಿಗೆ ಈ ಮದುವೆ ಮುರಿಯಿತು, ಅದೂ ನನ್ನ ಕಣ್ಣೆದುರಿಗೇ ಅಂದುಕೊಂಡೆ.

ಸ್ವಲ್ಪ ಹೊತ್ತಿನ ಮೇಲೆ ಅವಳು ಬಂದು ನನ್ನ ಕೈಯಲ್ಲಿದ್ದ ಪೆನ್ನು ತೆಗೆದುಕೊಂಡಳು. ತನ್ನ ಔಷಧಿ ಚೀಟಿಯ ಹಿಂಬದಿಯಲ್ಲಿ ಏನೋ ಬರೆದು ಅವನ ಕಡೆ ನೂಕಿದಳು. ನಾನೂ ಬಗ್ಗಿ ನೋಡಿದೆ. 'ಎಷ್ಟು?' ಎಂದಿತ್ತು.

ಅವನು ಚೀಟಿ ನೋಡಿದ. ಮೇಲೆ ತಿರುಗುತ್ತಿದ್ದ ಫ್ಯಾನ್ ನೋಡಿದ. ಆಮೇಲೆ ತಪ್ಪು ಒಪ್ಪಿಕೊಳ್ಳುವವನ ಹಾಗೆ ಎರಡು ಬೆರಳು ಎತ್ತಿದ.

ಅವಳು ಆ ಎರಡು ಬೆರಳನ್ನೇ ನೋಡುತ್ತ ಕೂತಳು. ಕೊನೆಗೆ ನಿಧಾನವಾಗಿ ತನ್ನದೊಂದು ಬೆರಳು ಎತ್ತಿದಳು.

ಮೊದಲು ಅವನ ಭುಜ ಅಲ್ಲಾಡಿತು. ಆಮೇಲೆ ಅವಳದು. ಇಬ್ಬರೂ ಕೆನ್ನೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು, ಸದ್ದಿಲ್ಲದೆ ನಗುತ್ತಿದ್ದರು. ಡಾಕ್ಟರು ಓಡಿ ಬಂದು, "ನಗಬೇಡಿ, ಹೊಲಿಗೆ ಬಿಚ್ತದೆ!" ಎಂದು ಕೂಗಿದರು. ಯಾರೂ ಕೇಳಲಿಲ್ಲ.

ಮದುವೆಗೆ ನನ್ನನ್ನೂ ಕರೆದಿದ್ದರು. ಊಟದ ಪಂಕ್ತಿಯಲ್ಲಿ ಹುಡುಗನ ಚಿಕ್ಕಮ್ಮ ನನ್ನ ಪಕ್ಕ ಕೂತು, ಜಾತಕದಲ್ಲಿ ಎಷ್ಟೊಂದು ಗುಣ ಕೂಡಿ ಬಂದಿದೆ ಎಂದು ಒಂದೊಂದಾಗಿ ವರ್ಣಿಸಿದರು. ನಾನು ಹೂಂಗುಟ್ಟುತ್ತ ಪಾಯಸ ಕುಡಿದೆ. ಅವರ ಲೆಕ್ಕ ಅವರಿಗೆ. ನನಗೆ ಗೊತ್ತಿದ್ದ ಹಾಗೆ ಕೂಡಿ ಬಂದಿದ್ದು ಒಟ್ಟು ಮೂರು ಹಲ್ಲು.